ತೂಬಿನ ಸುತ್ತ ಹನ್ನೊಂದು ಮುಖ

ಸವಣೂರಿನ ನುಜಹತ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಹತ್ತು ವರ್ಷ ದುಡಿದದ್ದು ಬರೀ ಮುಖ ಅಂಟಿಸುವುದರಲ್ಲೇ. ಹುಟ್ಟುಹಬ್ಬದ ಬ್ಯಾನರಿಗೆ ಒಬ್ಬ ನಾಯಕ, ಕೆಳಗೆ ಹಲ್ಲು ಕಿರಿಯುವ ನಲವತ್ತು ಶುಭಕೋರುವವರು. ಅಷ್ಟೂ ಜನರನ್ನು ಬೆಳ್ಳಗೆ ಮಾಡಬೇಕು. ಮುಖ ಕಂಡರೇ ವಾಕರಿಕೆ ಬರುವಂತಾದಾಗ ಕೆಲಸ ಬಿಟ್ಟು, ಮನೆಯಲ್ಲೇ ಚಿತ್ರ ಬರೆಯತೊಡಗಿದಳು.

ಹಾನಗಲ್ಲಿನ ರಘುವೀರ ಗೆಳೆಯರೊಡನೆ ಮೊಬೈಲ್ ಗೇಮೊಂದನ್ನು ಮಾಡಿದ್ದ. ಒಂದು ಕೆರೆಯ ನೀರನ್ನು ಏಳು ಊರಿಗೆ ಜಗಳವಾಗದಂತೆ ಹಂಚುವ ಆಟ. ಆ್ಯಪ್ ಸ್ಟೋರಿನ ಮುಖಚಿತ್ರಕ್ಕೆ ನುಜಹತ ಕೆರೆಯ ತೂಬು, ಅದನ್ನು ಎತ್ತುವ ಒಂದು ಕೈ, ಅತ್ತ ಹಸಿರು, ಇತ್ತ ಬಿರಿದ ನೆಲ ಬರೆದಳು.

"ಭಾಳ ಛಲೋ ಬಂದದರಿ," ಎಂದ ರಘುವೀರ. "ಸುತ್ತಲೂ ನಮ್ಮ ಹತ್ತು ಮಂದಿ ಫೋಟೋ ಹಾಕ್ರಿ. ಮ್ಯಾಲೆ ನಮ್ಮ ಕಾಕಾಂದು. ಇಲ್ಲಾಂದ್ರ ಸಿಟ್ಟಾಗ್ತಾರ."

ನುಜಹತ ಹೇಳಿದಂತೆ ಹಾಕಿದಳು. ಆಮೇಲೆ ಚಿತ್ರವನ್ನು ಸ್ಟೋರಿನಲ್ಲಿ ಕಾಣುವ ಉಗುರಿನಷ್ಟು ಅಳತೆಗೆ ಇಳಿಸಿ ಅವನ ಮುಂದೆ ಹಿಡಿದಳು. ತೂಬಿನ ಸುತ್ತ ಮುಖಗಳು ತಲೆಗೂದಲಿನ ಸೀರಿನಂತೆ ಮೆತ್ತಿಕೊಂಡಿದ್ದವು.

"ಇದರಾಗ ನಿಮ್ಮ ಕಾಕಾ ಎಲ್ಲಿ ಅದಾರ, ತೋರಸ್ರಿ ನೋಡೋಣು."

ರಘುವೀರ ಬಹಳ ಹೊತ್ತು ಹುಡುಕಿ, ಗಂಭೀರವಾಗಿ ತಲೆಯಾಡಿಸಿದ.

"ಖರೆ ಅದರಿ, ಯಾರೂ ಕಾಣವಲ್ರು. ಆ ತೂಬು ತಗದುಬಿಡ್ರಿ."