ಗುಲಾಬಕ್ಕನ ದನಿಗೆ ನಾವು ಹಾಕಿದ ನಗು

ಯಂತ್ರ ಕೆಟ್ಟಿರಲಿಲ್ಲ, ಗುಲಾಬಕ್ಕ. ನಿಮ್ಮ ಅಳುವನ್ನು ಹಾಸ್ಯ ಕಾರ್ಯಕ್ರಮದೊಳಗೆ ತುರುಕಿದವನು ನಾನು — ತಿಳಿದೂ ತಿಳಿದೂ, ಕೈಯಾರೆ. ಮಿಷಿನಿನ ತಪ್ಪು ಎಂದು ಆವತ್ತು ನಿಮ್ಮ ಜಗಲಿಯಲ್ಲಿ ಕೂತು ಹೇಳಿದ್ದು ಶುದ್ಧ ಸುಳ್ಳು.

ನಿಮಗೆ ನಾನು ಬ್ರಹ್ಮಾವರದ 'ರೇಡಿಯೋದವರು'. ಆ ಬಹುವಚನಕ್ಕೆ ಯೋಗ್ಯನೋ ಅಲ್ಲವೋ ನೀವೇ ನೋಡಿ. ನಮ್ಮದು ಎರಡು ಕೋಣೆಯ ಪುಟ್ಟ ಕೇಂದ್ರ. ಒಂದು ದಿನ ಪೂರ್ತಿ ಹಾಡಿಲ್ಲದೆ, ಬರೀ ಮಾತಿನ ಕಾರ್ಯಕ್ರಮ ಮಾಡುವುದೆಂದು ಹೊರಟಿದ್ದೆವು. ಬೆಳಿಗ್ಗೆ ನಾಟಕ, ಮಧ್ಯಾಹ್ನ ಹಾಸ್ಯ, ಸಂಜೆ ರೂಪಕ — ಎಂದರೆ ನಿಜವಾದ ಜನ ತಮ್ಮ ನಿಜವಾದ ಕತೆಯನ್ನು ತಾವೇ ಹೇಳುವುದು. ಹಾಗೆಂದು ನಾವೇ ಸಾರಿದ್ದು! ಊರಿನ ಸಂಸ್ಕೃತಿಯನ್ನು ನಾವೇ ಹೊತ್ತು ನಿಂತಿದ್ದೇವೆ ಎಂಬಂತೆ ಬೀಗುತ್ತಿದ್ದ ನಾಲ್ಕು ಜನ, ಅವರಲ್ಲಿ ಎಲ್ಲರಿಗಿಂತ ಹೆಚ್ಚು ಬೀಗಿದವನು ನಾನು.

ರೂಪಕದ ವಿಷಯ ಹೊಳೆ ದಾಟುವ ಕಾಲುಸಂಕ. ಅದಕ್ಕೆಂದೇ ವಂಡ್ಸೆಯಿಂದ ಒಳಗೆ, ಹೊಳೆಯಾಚೆಯ ನಿಮ್ಮ ಮನೆಗೆ ಬಂದೆ. ಎರಡು ಮರದ ದಿಮ್ಮಿ ಹಾಸಿದ ಆ ಸಂಕವನ್ನು ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆ. ನಿಮ್ಮ ಯಜಮಾನರು ಡೈರಿಗೆ ಹಾಲು ಕೊಂಡುಹೋಗುತ್ತಿದ್ದವರು, ಒಂದು ಮಳೆಗಾಲದ ಬೆಳಿಗ್ಗೆ ಅಲ್ಲಿಂದಲೇ ಜಾರಿದ್ದರು. "ಅವ್ರ್ ಸಿಕ್ಲಿಲ್ಲೆ, ಕ್ಯಾನ್ ಸಿಕ್ತ್," ಎಂದಿರಿ. "ಮುಚ್ಚಳ ಹಾಕ್ದಾಂಗೇ ಇದ್ದಿತ್. ಹಾಲ್ ಒಂದ್ ಚೂರೂ ಚೆಲ್ಲಲಿಲ್ಲೆ." ಆಮೇಲೆ ಅತ್ತಿರಿ. ಮುಖ ಒರೆಸಿಕೊಂಡು ಕೇಳಿದಿರಿ — "ಹ್ವಾಯ್, ನಾ ಹೇಳದ್ ರೇಡಿಯೋದಗೆ ಬಂದ್ರೆ ಒಂದ್ ಗಟ್ಟಿ ಸಂಕ ಆತ್ತಾ?" ಖಂಡಿತ ಆಗುತ್ತದೆ ಎಂದೆ. ಮಾತು ಕೊಡುವುದಕ್ಕೆ ನನ್ನ ಗಂಟೇನು ಹೋಗಬೇಕಿತ್ತು!

ಕೇಂದ್ರಕ್ಕೆ ಮರಳಿ ನಿಮ್ಮ ದನಿ ಕೇಳಿದೆ. "ರೂಪಕಕ್ಕೆ ಈ ಭಾಷೆ ನಡೆಯುವುದಿಲ್ಲ, ಸರಿಯಾದ ಕನ್ನಡ ಬೇಕು" — ಇದು ನನ್ನದೇ ತೀರ್ಪು. ತೆಕ್ಕಟ್ಟೆಯ ಮನೆಯಲ್ಲಿ ಇದೇ ಭಾಷೆಯಲ್ಲಿ ಅನ್ನ ಕೇಳಿ ಬೆಳೆದವನು ನಾನು. ಮೈಕಿನ ಮುಂದೆ ಕೂತೊಡನೆ ಅದು ನನಗೆ ನಾಚಿಕೆ! ಬೆಳಗಿನ ನಾಟಕದ ನಟಿಯೊಬ್ಬರನ್ನು ಕೂರಿಸಿ ನಿಮ್ಮ ಕತೆಯನ್ನು ಓದಿಸಿದೆ. "ನನ್ನ ಪತಿಯನ್ನು ಆ ಹೊಳೆ ನುಂಗಿತು" ಎಂದು ಆಕೆ ಬಿಕ್ಕಿದರು. ಪತಿ! ಹುಟ್ಟಿದಂದಿನಿಂದ ನೀವು ಆ ಶಬ್ದವನ್ನು ಬಾಯಲ್ಲಿ ಹಾಕಿರಲಿಕ್ಕಿಲ್ಲ. ಎಷ್ಟು ಚೆಂದ ಬಂತು ಎಂದು ನಾವು ತಲೆದೂಗಿದೆವು.

ಇಷ್ಟಕ್ಕೇ ನಿಂತಿದ್ದರೆ ಇದು ಬರೀ ಮೂರ್ಖತನ ಆಗುತ್ತಿತ್ತು. ಹಾಸ್ಯಕ್ಕೆ ಬರಬೇಕಿದ್ದ ಬೈಂದೂರಿನ ಜೋಡಿ ದೊಡ್ಡ ವೇದಿಕೆ ಸಿಕ್ಕಿತೆಂದು ಹಿಂದಿನ ದಿನ ಕೈಕೊಟ್ಟಿತು. ಮಧ್ಯಾಹ್ನದ ಹೊತ್ತು ಖಾಲಿ. ಕುಂದಾಪ್ರ ಕನ್ನಡ ಕೇಳಿದರೆ ಸಾಕು, ಏನು ಹೇಳುತ್ತಿದ್ದಾರೆಂದೂ ನೋಡದೆ ಹಲ್ಲು ಕಿರಿಯುವ ಜನ ಬೇಕಾದಷ್ಟಿದ್ದಾರೆ — ಅವರನ್ನು ಸಾಕಿದವರೂ ನಮ್ಮಂಥವರೇ. ಸ್ಪಂಜು ಹೊದಿಸಿದ ಮೈಕನ್ನು ಕಂಡು ನೀವು "ಇದೆಂತ, ಬದನೆಕಾಯಿ ಕಂಡಾಂಗ್ ಇತ್ತ್" ಎಂದಿದ್ದು, ಕೋಳಿಗೆ ಬೈದಿದ್ದು, ಎಲ್ಲ ಕತ್ತರಿಸಿ ಜೋಡಿಸಿದೆ. ಸಾಲಲಿಲ್ಲ. ಆಗ ಕೈ ಹಾಕಿದೆ, ಆ ಮಾತಿಗೆ. ಹಿಂದುಮುಂದಿಲ್ಲದೆ ಒಂದೇ ಸಾಲು: "ಅವ್ರ್ ಸಿಕ್ಲಿಲ್ಲೆ, ಕ್ಯಾನ್ ಸಿಕ್ತ್." ಆ ದನಿಯ ಮೇಲೇ ಬೆರೆಸಿದ್ದು, ನಾವು ನಾಲ್ವರು ಮೈಕಿನ ಸುತ್ತ ನಿಂತು ನಕ್ಕ ನಗು.

ಅವರು ಯಾರು, ಯಾಕೆ ಸಿಗಲಿಲ್ಲ — ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ನಾನೂ ನಕ್ಕೆ. ಜೋರಾಗಿಯೇ ನಕ್ಕೆ.

ಪ್ರಸಾರದ ದಿನ ನಿಮ್ಮ ಜಗಲಿಯಲ್ಲಿ ಅಕ್ಕಪಕ್ಕದವರೆಲ್ಲ ಬೆಳಿಗ್ಗೆಯಿಂದ ರೇಡಿಯೋ ಇಟ್ಟುಕೊಂಡು ಕೂತಿದ್ದರಂತೆ. ವಾರ ಕಳೆದು ನಾನು ಬಂದಾಗ ನೀವು ಚಾ ಕೊಟ್ಟಿರಿ. ಡೈರಿಯಲ್ಲಿ "ಗುಲಾಬಕ್ಕ, ಕ್ಯಾನ್ ಸಿಕ್ತಾ?" ಎಂದು ಕೇಳಿ ನಗುತ್ತಾರೆಂದೂ, ಅದಕ್ಕೇ ಅತ್ತ ಹೋಗುವುದನ್ನು ಬಿಟ್ಟಿರೆಂದೂ ತಿಳಿಯಿತು. "ನಾ ಮರ್ಕದ್ ನಿಮ್ಗೆ ಹಾಸ್ಯ ಆಯ್ತಾ?" ಎಂದು ನಿಮ್ಮ ಅಳುವಿನ ಲೆಕ್ಕ ಕೇಳಿದಿರಿ. ಮಿಷಿನಿನಲ್ಲಿ ಅದಲುಬದಲಾಯಿತು ಎಂದೆ, ಕಣ್ಣು ತಪ್ಪಿಸಿ. ನೀವು ನಂಬಿದಿರಿ! "ಮಿಷಿನಿಗೆ ಎಂತ ಗೊತ್ತಾತ್ತ್ ಮಾರಾಯ್ರೆ? ನೀವ್ ಬೇಜಾರ್ ಮಾಡ್ಕಣ್ಬೇಡಿ," ಎಂದು ನನ್ನನ್ನೇ ಸಮಾಧಾನ ಮಾಡಿದಿರಿ. ಹೊರಟಾಗ ಒಂದೇ ಕೇಳಿಕೆ — "ಒಂದ್ ಸಲ ನಾ ಹೇಳ್ದಾಂಗೇ ರೇಡಿಯೋದಗೆ ಬಪ್ಪುಕೆ ಆತ್ತಾ?" ಆಗುತ್ತದೆ ಎಂದೆ. ಮತ್ತೊಂದು ಮಾತು ಕೊಟ್ಟೆ.

ಕೇಂದ್ರಕ್ಕೆ ಬಂದವನು ಆ ಸಂಜೆಯೇ ನಿಮ್ಮ ಮೂಲ ಧ್ವನಿಮುದ್ರಣವನ್ನು ಅಳಿಸಿಹಾಕಿದೆ. ಯಾರಾದರೂ ಕೇಳಿದರೆ ನನ್ನ ಬಣ್ಣ ಬಯಲಾಗುತ್ತಿತ್ತಲ್ಲ! ನಮ್ಮ ರೂಪಕವನ್ನು ಎಲ್ಲರೂ ಹೊಗಳಿದರು, ನಟಿಗೆ ಶಾಲು ಹೊದೆಸಿದರು. ಸಂಕ ಆಗಲಿಲ್ಲ.

ವರ್ಷಗಳಾದವು. ಮೊನ್ನೆ ಮುಂಬಯಿಯ ಹೋಟೆಲಿನಲ್ಲಿರುವ ನನ್ನ ಭಾವ, 'ನಮ್ಮೂರ ಕಾಮಿಡಿ' ಎಂದು ಮೊಬೈಲಿಗೆ ಒಂದು ತುಣುಕು ಕಳಿಸಿದ. ಒತ್ತಿದರೆ ನೀವು. ಇಷ್ಟು ವರ್ಷ ಊರೂರು ತಿರುಗಿ, ಈಗ ನನ್ನ ಕೈಗೇ ಬಂದಿತ್ತು — ಹೆಂಡತಿ ಪಕ್ಕದಲ್ಲಿದ್ದಳು, ಕೇಳಿ ನಕ್ಕಳು. ಅವಳನ್ನು ಬೈಯಲು ನನಗೇನು ಮುಖವಿದೆ?

ನಾಳೆ ವಂಡ್ಸೆಗೆ ಬರುತ್ತೇನೆ, ಗುಲಾಬಕ್ಕ. ಎದುರು ಕೂತು, ನಮ್ಮ ಭಾಷೆಯಲ್ಲೇ, ಇದಿಷ್ಟನ್ನೂ ಹೇಳುತ್ತೇನೆ. ನೀವು ಆವತ್ತು ಹೇಳಿದ್ದನ್ನು ಹಾಗೇ ಹಾಕಲು ಇನ್ನು ಸಾಧ್ಯವಿಲ್ಲ ಎಂಬುದನ್ನೂ ಹೇಳಬೇಕು. ನಿಮ್ಮ ಆ ದನಿ ಉಳಿದಿರುವುದು ಆ ತುಣುಕಿನಲ್ಲಿ ಮಾತ್ರ. ಅದರಿಂದ ನಮ್ಮ ನಗುವನ್ನು ತೆಗೆಯಲು ಎರಡು ದಿನದಿಂದ ಕೂತಿದ್ದೇನೆ — ತೆಗೆದರೆ ನೀವೂ ಹೋಗುತ್ತೀರಿ.