ಮಾರಾಟದ ಮನೆಯ ಡೇರೆ ಗೆಡ್ಡೆ

ಮೊನ್ನೆ ಭಾನುವಾರ ಬೆಳಿಗ್ಗೆ ಒಬ್ಬರು ಹೆಂಗಸು ನಮ್ಮ ಗೇಟಿನ ಮುಂದೆ ಸ್ಕೂಟಿ ನಿಲ್ಲಿಸಿದರು. ಸಿಲ್ವರ್ ಓಕ್ ಮರಕ್ಕೆ ಹೊಡೆದಿರುವ ತಗಡಿನ ಬೋರ್ಡನ್ನು ಎರಡೆರಡು ಸಲ ಓದಿದರು. ಆಮೇಲೆ, "ಈ ಮನೆ ಮಾರಾಟಕ್ಕಿದ್ಯಾ?" ಎಂದು ಕೇಳಿದರು.

ಬೋರ್ಡಿನಲ್ಲಿ ಹಾಗೆ ಬರೆದಿರುವುದೇನೋ ನಿಜ. ಮನೆ ನಮ್ಮದಾಗಿ ಮೂರು ವರ್ಷ ಕಳೆದರೂ ಅದನ್ನು ನಾವು ಕಿತ್ತಿಲ್ಲ. ಮರ ದಪ್ಪವಾಗಿ ಮೊಳೆಯನ್ನು ನುಂಗಿಕೊಂಡಿದೆ, ಈಗ ಕೀಳಬೇಕಾದರೆ ಮರದ ಒಪ್ಪಿಗೆ ಬೇಕು. ಇದು ನಾವು ಬಂದವರಿಗೆಲ್ಲ ಹೇಳುವ ಕಾರಣ. ನಿಜವಾದ ಕಾರಣ ಬೇರೆ ಇದೆ, ನಿಮಗೆ ಮಾತ್ರ ಹೇಳುತ್ತೇನೆ, ಸ್ವಲ್ಪ ತಡೆಯಿರಿ.

"ಇಲ್ಲ ಅಮ್ಮ, ಇದು ಹಳೇ ಬೋರ್ಡು" ಅನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು, "ಅಬ್ಬಬ್ಬ, ಎಂಥ ಚೆಂದದ ಮನೆ! ಹಂಚು ಎಷ್ಟು ಚೆಂದ, ಜಗಲಿ ಎಷ್ಟು ಚೆಂದ!" ಅಂದರು. ಕಣ್ಣು ಮಾತ್ರ ಹಂಚಿನ ಮೇಲೂ ಇರಲಿಲ್ಲ, ಜಗಲಿಯ ಮೇಲೂ ಇರಲಿಲ್ಲ. ಅದು ಗೋಡೆಯ ಪಕ್ಕದಲ್ಲೇ ಹಾದು ಹಿತ್ತಲಿಗೆ ಹೋಗಿಯಾಗಿತ್ತು. ಹೆಗಲಲ್ಲಿ ಒಂದು ಖಾಲಿ ಬಟ್ಟೆ ಚೀಲ.

ನಾನು ತೆರೆದ ಬಾಯನ್ನು ಮುಚ್ಚಿ, ಮತ್ತೆ ತೆರೆದು, "ಬನ್ನಿ ಬನ್ನಿ, ಒಳಗೆ ಬನ್ನಿ" ಅಂದೆ.

ಮಾರಾಟಕ್ಕಿಲ್ಲದ ಮನೆಯನ್ನು ತೋರಿಸಲು ಹೀಗೆ ಕರೆಯುವುದು ತಪ್ಪಲ್ಲವೇ ಎಂದು ನೀವು ಕೇಳಬಹುದು. ತಪ್ಪೇ. ಆದರೆ ಆ ಚೀಲ ನನಗೆ ಪರಿಚಯದ್ದು. ಅದೇ ಚೀಲ ಅಂತಲ್ಲ, ಆ ಜಾತಿಯ ಚೀಲ.

ನಾಲ್ಕು ವರ್ಷದ ಹಿಂದೆ ನಾನೂ ನನ್ನ ಅತ್ತೆಯೂ ಮೂಡಿಗೆರೆಯಲ್ಲಿ ಒಂದು ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿದ್ದೆವು. ಅತ್ತೆ ಎಂದರೆ ಕಳಸದ ಕಡೆ ಇರುವ ನಮ್ಮಪ್ಪನ ತಂಗಿ. ಮದುವೆಯ ಗೋಜಿಗೆ ಹೋಗದೆ, ಹೊಲಿಗೆ ಮಿಷನ್ನು ತುಳಿದುಕೊಂಡು, ನನ್ನನ್ನು ಡಿಗ್ರಿ ತನಕ ಓದಿಸಿದವಳು. ನಾನು ಒಂದು ಕಾಫಿ ತೋಟದ ಆಫೀಸಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವ ಕೆಲಸ. ಮಹಡಿ ಮನೆಗೆ ಎಲ್ಲ ಇತ್ತು, ಮಣ್ಣೊಂದು ಇರಲಿಲ್ಲ. ಅತ್ತೆಯ ತೋಟವೆಲ್ಲ ಖಾಲಿ ಪೇಂಟ್ ಡಬ್ಬಿಗಳಲ್ಲಿ, ಬಾಲ್ಕನಿಯ ಉದ್ದಕ್ಕೂ ಸಾಲಾಗಿ. ಅವಳು ನೀರು ಹಾಕಿದಾಗಲೆಲ್ಲ ಕೆಳಗಿನ ಮನೆಯವರ ಹಪ್ಪಳ ಒದ್ದೆಯಾಗುತ್ತಿತ್ತು. ದಿನಕ್ಕೊಂದು ಜಗಳ.

ನಮ್ಮ ಕಡೆಯ ಹೆಂಗಸರಿಗೂ ಡೇರೆ, ಅಂದರೆ ಡೇಲಿಯಾ ಹೂವಿಗೂ ಇರುವ ಸಂಬಂಧ ಗೊತ್ತಿಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಚಿನ್ನದ ಸರ ಬೇಕಾದರೆ ಮದುವೆಗೆಂದು ಎರವಲು ಕೊಟ್ಟಾರು, ಒಳ್ಳೆ ಜಾತಿಯ ಡೇರೆ ಗೆಡ್ಡೆ ಕೊಡಲಾರರು. ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ಅಯ್ಯೋ, ಈ ವರ್ಷ ಗೆಡ್ಡೆ ಎಲ್ಲ ಕೊಳೆತೋಯ್ತು ಮಾರಾಯ್ತಿ." ಮಳೆಗಾಲ ಬಂದಾಗ ನೋಡಿದರೆ ಆ ಕೊಳೆತ ಗೆಡ್ಡೆಯಿಂದಲೇ ಊಟದ ತಟ್ಟೆಯಗಲದ ಹೂ ಬಿಟ್ಟಿರುತ್ತದೆ. ಕೇಳಿದವರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಯಾಕೆಂದರೆ ಕೇಳಿ ತಂದ ಗಿಡ ಏಳುವುದಿಲ್ಲ, ಕದ್ದ ಗಿಡವೇ ಚೆನ್ನಾಗಿ ಬರುವುದು ಎಂಬ ನಂಬಿಕೆ ಎರಡೂ ಕಡೆಯವರಿಗೆ ಇದೆ. ದೇವರ ಪೂಜೆ ಬಿಡದ ಅತ್ತೆಗೆ ಈ ಕಳ್ಳತನದಲ್ಲಿ ಪಾಪವೇ ಕಾಣುತ್ತಿರಲಿಲ್ಲ.

ಆದರೆ ಕದಿಯಬೇಕಾದರೆ ಹಿತ್ತಲಿಗೆ ಹೋಗಬೇಕು. ಗುರುತಿಲ್ಲದ ಮನೆಯ ಹಿತ್ತಲಿಗೆ ಯಾರು ಬಿಡುತ್ತಾರೆ? ಇದಕ್ಕೆ ಅತ್ತೆ ಕಂಡುಕೊಂಡ ದಾರಿಯನ್ನು ನೆನೆದರೆ ನನಗೆ ಈಗಲೂ ಹೆಮ್ಮೆ. ಮಾರಾಟಕ್ಕಿರುವ ಮನೆಗೆ ಕೊಳ್ಳುವವರ ಹಾಗೆ ಹೋಗುವುದು! ಆಗ ಮನೆಯವರೇ ಕೈಹಿಡಿದು, "ಬನ್ನಿ, ಬಾವಿ ನೋಡಿ, ಹಿತ್ತಲು ನೋಡಿ" ಎಂದು ಕರೆದುಕೊಂಡು ಹೋಗುತ್ತಾರೆ. ಮನೆ ನೋಡಲು ಬಂದವರನ್ನು ಕಾಫಿ ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಮನೆಯೊಡತಿ ಒಳಗೆ ಹೋಗಿ ಒಲೆ ಹಚ್ಚುತ್ತಾಳೆ. ಹಾಲು ಉಕ್ಕುವ ತನಕ ಹಿತ್ತಲು ನಮ್ಮದು. ಅತ್ತೆಯ ಚೀಲದಲ್ಲಿ ಹಿಡಿ ಮುರಿದ ದೋಸೆ ಸಟ್ಟುಗ ಒಂದು ಇರುತ್ತಿತ್ತು. ಅದರಿಂದ ಗೆಡ್ಡೆ ಎಬ್ಬಿಸುವುದನ್ನು ನೋಡಬೇಕು ನೀವು, ಕಾವಲಿಯಿಂದ ನೀರ್‌ದೋಸೆ ಎತ್ತಿದ ಹಾಗೆ. ಮಣ್ಣಿಗೂ ಗೊತ್ತಾಗುತ್ತಿರಲಿಲ್ಲ.

ನನ್ನದು ಸ್ಕೂಟಿ ಓಡಿಸುವ ಕೆಲಸ, ಜೊತೆಗೆ ಮನೆಯ ಬಗ್ಗೆ ಮಾತಾಡುವ ಕೆಲಸ. ಎರಡನೆಯದಕ್ಕೆ ಯಾರೂ ನನ್ನನ್ನು ಕೇಳಿರಲಿಲ್ಲ. ನನಗೆ ಹಳೇ ಮನೆಗಳ ಹುಚ್ಚು. ಹಂಚು, ತೊಲೆ, ಸುಣ್ಣದ ಗಾರೆ ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತಿದ್ದೆ. ಹೋದಲ್ಲೆಲ್ಲ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದೆ. ಏನು ಕೇಳಿಸಬೇಕು ಎಂಬುದು ಮಾತ್ರ ಯಾವ ವಿಡಿಯೋದಲ್ಲೂ ಇರಲಿಲ್ಲ. ಒಂದು ಮನೆಯಲ್ಲಿ ತೊಲೆ ತೋರಿಸಿ, ಇದು ನೂರು ವರ್ಷದ ಬೀಟೆ, ಈಗ ಇಂಥದ್ದು ಸಿಗುವುದಿಲ್ಲ ಎಂದು ಭಾಷಣ ಬಿಗಿದೆ. ಯಜಮಾನರು ಪೂರ್ತಿ ಕೇಳಿಸಿಕೊಂಡು, "ಹೋದ ವರ್ಷ ನಮ್ಮ ತೋಟದ್ದೇ ಸಿಲ್ವರ್ ಕಡಿದು ಹಾಕ್ಸಿದ್ದು. ಬಣ್ಣ ಚೆನ್ನಾಗಿ ಕೂತಿದೆ ಅಲ್ವಾ?" ಅಂದರು.

ಹೀಗೆ ಹನ್ನೊಂದು ಮನೆ ನೋಡಿದೆವು. ಹನ್ನೊಂದರಲ್ಲೂ ಅತ್ತೆ ಬಾಯ್ತುಂಬ ಹೊಗಳುವಳು, "ಯುಗಾದಿ ಕಳೀಲಿ, ಮನೇಲಿ ಮಾತಾಡಿ ಬರ್ತೀವಿ" ಅನ್ನುವಳು, ನಾವು ಹೊರಡುವೆವು. ಇದು ನಮ್ಮ ಕಡೆ 'ಬೇಡ' ಅನ್ನುವುದಕ್ಕೆ ಇರುವ ಮರ್ಯಾದೆಯ ಮಾತು, ಎಲ್ಲರಿಗೂ ಗೊತ್ತು. ಕೊಳ್ಳುವವರು ಹೊಗಳುವುದಿಲ್ಲ. ಕೊಳ್ಳುವವರು ಬಂದವರೇ ಮೂಗು ಮುರಿಯುತ್ತಾರೆ.

ಹನ್ನೆರಡನೆಯದು ಸರೋಜಮ್ಮನವರ ಮನೆ. ಆ ಮಾರ್ಚಿನಲ್ಲಿ ಕೊಟ್ಟಿಗೆಹಾರದ ಒಂದು ಹೋಟೆಲಿನಲ್ಲಿ ಕೂತಿದ್ದಾಗ ಹೋಟೆಲಿನವರು ಆ ಮನೆಯ ಸುದ್ದಿ ತೆಗೆದರು. "ಎರಡು ಅಂಕಣದ ಸಣ್ಣ ಮನೆ. ಹೋಂಸ್ಟೇ ಮಾಡೋರು ಎಷ್ಟು ಜನ ಬಂದ್ರೂ ಆ ಅಮ್ಮ ಕೊಡಲ್ಲ ಮಾರಾಯ್ರೆ. ದಿನಾ ಒಲೆ ಹಚ್ಚಿ ಇರೋರೇ ಬೇಕಂತೆ. ಆಮೇಲೆ ಹಿತ್ತಲಲ್ಲಿ ಎಂತದೋ ಕಪ್ಪು ಡೇರೆ ಇದೆಯಂತೆ, ಅಂಚಿಗೆ ಸುಣ್ಣ ಬಳಿದ ಹಾಗೆ ಬಿಳಿ."

ಅತ್ತೆಯ ಕೈಯಲ್ಲಿದ್ದ ದೋಸೆ ತುಂಡು ಬಾಯಿಗೆ ಹೋಗದೆ ಅಲ್ಲೇ ನಿಂತಿತು.

ಸರೋಜಮ್ಮನವರಿಗೆ ಎಪ್ಪತ್ತರ ಹತ್ತಿರ. ಎರಡೂ ಮಂಡಿ ಹೋಗಿದ್ದವು, ಬಾಯಿ ಗಟ್ಟಿಯಾಗಿತ್ತು. ವಸ್ತಾರೆಯಲ್ಲಿ ತಂಗಿ ಅವರಿಗಾಗಿ ಒಂದು ಕೋಣೆ ಕಟ್ಟಿಸಿ ಕಾಯುತ್ತಿದ್ದಳಂತೆ. "ಇಬ್ರೂ ಜಗಳ ಆಡಿ ಹತ್ತು ವರ್ಷ ಆಯ್ತು. ಹೋಗಿ ಮುಂದುವರಿಸ್ಬೇಕು" ಎಂದು ನಕ್ಕರು. ಮನೆ ತೋರಿಸುವ ರೀತಿಯೂ ಹಾಗೇ ಇತ್ತು. "ಮಂಗ ಬರುತ್ತೆ, ಹಂದಿ ಬರುತ್ತೆ. ಕರೆಂಟು ಒಂದು ಹೇಳ್ದಾಗ ಬರಲ್ಲ." ನಾನು ಗೋಡೆ ತಟ್ಟಿ ಕಿವಿಗೊಟ್ಟೆ. "ಒಳಗೆ ಯಾರೂ ಇಲ್ಲಮ್ಮ" ಅಂದರು.

ಹಿತ್ತಲಲ್ಲಿ ಡೇರೆ ಗಿಡಗಳೆಲ್ಲ ಒಣಗಿ ನೆಲಕ್ಕೆ ಸೇರಿದ್ದವು. ಗೆಡ್ಡೆ ಮಣ್ಣಿನೊಳಗೆ, ಮೇಲೆ ಗುರುತಿಗೆ ನೆಟ್ಟ ಕಡ್ಡಿಗಳು ಮಾತ್ರ. ಹತ್ತಾರು ಕಡ್ಡಿಗಳಲ್ಲಿ ಒಂದಕ್ಕೆ ಕೆಂಪು ದಾರ ಕಟ್ಟಿತ್ತು. ಸರೋಜಮ್ಮ ಕಾಫಿಗೆಂದು ಒಳಗೆ ಹೋದರು. ಅತ್ತೆ ನನ್ನ ಮುಖ ನೋಡಿದಳು. ಹಾಲು ಉಕ್ಕುವ ಮೊದಲೇ ಗೆಡ್ಡೆ ಚೀಲದೊಳಗಿತ್ತು.

ಅಲ್ಲಿಗೆ ನಾವು ಹೊರಡಬೇಕಿತ್ತು. ಹನ್ನೊಂದು ಮನೆಯಲ್ಲೂ ಹಾಗೇ ಮಾಡಿದ್ದೆವು. ಆದರೆ ಅಂದು ಅತ್ತೆ ಕದ್ದ ಗೆಡ್ಡೆಯನ್ನು ತೊಡೆಯ ಮೇಲಿಟ್ಟುಕೊಂಡು ಅಡಿಗೆಮನೆಯಲ್ಲಿ ಒಂದು ಗಂಟೆ ಕೂತಳು. ಬೆಲ್ಲದ ಕಾಫಿ ಎರಡು ಸಲ ಕುಡಿದಳು. ಎಲ್ಲ ಚೆಂದ, ಎಲ್ಲ ಚೆಂದ ಅಂದಳು. ಎದ್ದು ಬರುವಾಗ, ಯುಗಾದಿ ಕಳೆಯಲಿ ಎಂಬ ಮಾತನ್ನೂ ಮರೆಯದೆ ಹೇಳಿದಳು.

ಜುಲೈಯಲ್ಲಿ ನಮ್ಮ ಪೇಂಟ್ ಡಬ್ಬಿಯಲ್ಲಿ ಹೂ ಅರಳಿತು. ಹಳದಿ. ಅದೂ ರಸ್ತೆ ಬದಿಯಲ್ಲಿ ತಾನಾಗಿ ಏಳುವಂಥ ಒಂದೇ ಸುತ್ತು ಎಸಳಿನ ಹಳದಿ.

"ಮೋಸ!" ಅಂದಳು ಅತ್ತೆ. "ಪುಟ್ಟಿ, ಆ ಮುದುಕಿ ನಮಗೆ ಮೋಸ ಮಾಡಿದ್ದಾಳೆ!"

"ಅತ್ತೆ, ಕದ್ದಿದ್ದು ನಾವು."

"ಕದ್ರೆ ಎಂತಾಯ್ತು? ಕಟ್ಟಿದ ದಾರಕ್ಕೆ ಒಂದು ನಿಯತ್ತು ಬೇಡ್ವಾ?"

ಮುಂದಿನ ಭಾನುವಾರವೇ, ಮನೆಯನ್ನು ಇನ್ನೊಂದು ಸಲ ನೋಡುವ ನೆಪದಲ್ಲಿ, ರೈನ್‌ಕೋಟು ಹಾಕಿಕೊಂಡು ಹೊರಟೆವು. ಚೀಲದಲ್ಲಿ ಸಟ್ಟುಗ. ಆದರೆ ಸರೋಜಮ್ಮ ಬಾಗಿಲಲ್ಲೇ ನಮ್ಮನ್ನು ಕಂಡು, ಮೊಮ್ಮಕ್ಕಳು ಬಂದಷ್ಟು ಖುಷಿಪಟ್ಟು, "ಬಂದ್ರಾ? ಯುಗಾದಿ ಅಂದ್ರಿ, ಮೂರು ತಿಂಗಳು ಜಾಸ್ತಿ ಕಾಯಿಸಿದ್ರಲ್ಲ! ಮೇ ತಿಂಗಳಲ್ಲಿ ಒಬ್ಬ ಮೇಷ್ಟ್ರು ಬಂದಿದ್ರು, ಹೆಂಡ್ತಿ ಮಕ್ಕಳ ಜೊತೆ ಇರ್ತೀವಿ ಅಂದ್ರು. ಮನೆ ಮಾತಾಗಿದೆ ಅಂತ ಹೇಳಿ ಕಳಿಸ್ಬಿಟ್ಟೆ" ಅಂದರು.

ನಮ್ಮ ತಮಾಷೆಗೆ, ಈ ಹೆಂಗಸು ತಾನು ಹುಡುಕುತ್ತಿದ್ದಂಥ ಜನರನ್ನೇ ವಾಪಸು ಕಳಿಸಿದ್ದರು. ವಸ್ತಾರೆಯ ಕೋಣೆ ಖಾಲಿ ಬಿದ್ದಿತ್ತು. ಮಂಡಿ ಹಿಡಿದುಕೊಂಡು ಇನ್ನೊಂದು ಮಳೆಗಾಲ ಅವರು ಇಲ್ಲೇ ಒಬ್ಬರೇ ಕಳೆಯಬೇಕಿತ್ತು. ಅತ್ತೆಯ ಮುಖ ನೋಡಿದೆ. ಹಪ್ಪಳದ ಜಗಳದಲ್ಲಿ ಒಂದು ದಿನವೂ ಸೋಲದ ಅತ್ತೆ ಜಗಲಿಯ ಮೇಲೆ ಕುಕ್ಕರಿಸಿದಳು.

"ಸರೋಜಕ್ಕ, ನಾವು ಮನೆ ತಗೊಳ್ಳೋಕೆ ಬಂದೋರೇ ಅಲ್ಲ. ನಿಮ್ಮ ಡೇರೆ ಕದಿಯೋಕೆ ಬಂದಿದ್ದು."

"ಗೊತ್ತು" ಅಂದರು ಸರೋಜಮ್ಮ. "ಹಳದಿ ಬಂತಾ?"

ಅತ್ತೆ ಚೀಲವನ್ನು ಬೆನ್ನ ಹಿಂದೆ ಸರಿಸಿದಳು.

"ಯಾರಾದ್ರೂ ಮನೆ ನೋಡೋಕೆ ಬರ್ತಾರೆ ಅಂದ್ರೆ ನಾನು ಮೊದ್ಲು ಕೆಂಪು ದಾರ ಬಿಚ್ಚಿ ಹಳದಿಗೆ ಕಟ್ತೀನಿ. ನಾನೇನು ಇವತ್ತು ಹುಟ್ಟಿದವಳಾ? ಆ ಕಪ್ಪು ಡೇರೆ ನಾನು ಎಲ್ಲಿಂದ ತಂದೆ ಅಂತ ತಿಳ್ಕೊಂಡಿದ್ದೀ?"

"ಗೊತ್ತಿದ್ದೂ ಮೇಷ್ಟ್ರನ್ನ ಯಾಕೆ ಕಳಿಸಿದ್ರಿ?" ಎಂದು ಕೇಳಿದವಳು ನಾನು. ದನಿ ಸ್ವಲ್ಪ ಜೋರಾಯಿತೇನೋ.

ಸರೋಜಮ್ಮ ನನ್ನನ್ನು ಬಿಟ್ಟು ಅತ್ತೆಗೇ ಹೇಳಿದರು. "ಗೆಡ್ಡೆ ಕದಿಯೋಳು ಗೆಡ್ಡೆ ಸಿಕ್ಕಿದ ಕೂಡ್ಲೆ ಹೊರಡ್ತಾಳೆ. ನೀನು ಚೀಲ ತೊಡೆ ಮೇಲಿಟ್ಕೊಂಡು ಒಲೆ ಮುಂದೆ ಕೂತೆ. ಕಿಟಕಿ ನೋಡ್ದೆ. ನಿನ್ನ ಹೊಲಿಗೆ ಮಿಷನ್ನು ಅಲ್ಲಿ ಇಟ್ರೆ ಬೆಳಕು ಎಡಗಡೆಯಿಂದ ಬೀಳುತ್ತೆ ಅಂತ ನನಗೆ ಹೇಳ್ದೆ. ನೀನು ಹೇಳಿದ್ದು ನಿನಗೆ ನೆನಪಿಲ್ಲ, ನನಗಿದೆ. ನೀನು ಹೂವಿನ ನೆಪ ಮಾಡ್ಕೊಂಡು ಮನೆ ಹುಡುಕ್ತಿದ್ದೀ ಮಾರಾಯ್ತಿ."

ಹೇಳಿ, ಮಂಡಿ ಹಿಡಿದುಕೊಂಡು ಎದ್ದರು. "ಕಾಫಿ ತರ್ತೀನಿ. ಹೊತ್ತಾಗುತ್ತೆ, ಹಾಲು ಈಗ ಕಾಯ್ಬೇಕು."

ಒಳಗಿನಿಂದ ಪಾತ್ರೆಗಳ ಸದ್ದು ಶುರುವಾಯಿತು. ಮೂರು ಲೋಟ ಕಾಫಿಗೆ ಬೇಕಾದ್ದಕ್ಕಿಂತ ಬಹಳ ದೊಡ್ಡ ಸದ್ದು. ಹಿತ್ತಲಲ್ಲಿ ಕಪ್ಪು ಡೇರೆ ಅರಳಿ ನಿಂತಿತ್ತು. ದಾರದ ಗುರುತು ಬೇಡ, ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಅತ್ತೆ ಹಿತ್ತಲಿಗೆ ಹೋದಳು. ಹೂವಿನ ಮುಂದೆ ನಿಂತಳು. ಚೀಲಕ್ಕೆ ಕೈ ಹಾಕಲಿಲ್ಲ. ಬಚ್ಚಲಿನ ಹತ್ತಿರ ಹೋಗಿ ಬಗ್ಗಿ ನೋಡಿದಳು, ಸೂರಿನ ಕೆಳಗೆ ನಿಂತು ಮೇಲೆ ನೋಡಿದಳು. ಮತ್ತೆ ಒಳಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಬಚ್ಚಲೊಲೆ ಹೊಗೆ ಪೂರ್ತಿ ಒಳಗೇ ಬರುತ್ತಲ್ಲ ಸರೋಜಕ್ಕ. ಹಿಂದಿನ ಸಾಲಿನ ಹಂಚು ಎಂಟಾದ್ರೂ ಒಡೆದಿದೆ. ಮೆಟ್ಟಿಲು ಸರಿ ಇಲ್ಲ."

ಹನ್ನೆರಡು ಮನೆಗಳಲ್ಲಿ ಅತ್ತೆ ಮೊದಲ ಸಲ ಮೂಗು ಮುರಿದಿದ್ದಳು. ಸರೋಜಮ್ಮ ಕಾಫಿ ಸೋಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಕಳಸದ ಕಡೆ ಅತ್ತೆಯ ಪಾಲಿಗೆ ಬಂದಿದ್ದ ತುಂಡು ತೋಟವನ್ನು ನಮ್ಮಪ್ಪನೇ ದುಡ್ಡು ಕೊಟ್ಟು ತೆಗೆದುಕೊಂಡ, ಆ ದುಡ್ಡಿನಲ್ಲಿ ಮನೆ ನಮ್ಮದಾಯಿತು. ಆ ದೀಪಾವಳಿಗೆ ಸರೋಜಮ್ಮ ವಸ್ತಾರೆಗೆ ಜಗಳ ಮುಂದುವರಿಸಲು ಹೋದರು. ಜೀಪು ಹತ್ತುವಾಗ ಮನೆಯ ಬೀಗದ ಕೈ ಕೊಟ್ಟರು, ಬಾವಿಯ ಹಗ್ಗದ ಬಗ್ಗೆ ಹೇಳಿದರು, ಡೇರೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೊಟ್ಟರೆ ಏಳುವುದಿಲ್ಲವಲ್ಲ. ಅವರು ಹೋದ ಮೇಲೆ ಅತ್ತೆ ತನ್ನದೇ ಹಿತ್ತಲಿಗೆ ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಹೋಗಿ, ಆ ಕಡೆ ಈ ಕಡೆ ನೋಡಿ, ಕಪ್ಪು ಡೇರೆಯ ಗೆಡ್ಡೆಯನ್ನು ಸಟ್ಟುಗದಿಂದ ಎಬ್ಬಿಸಿ ಎರಡು ಮಾರು ಆಚೆ ನೆಟ್ಟಳು. ಶಾಸ್ತ್ರಕ್ಕೆ ಒಂದು ಕಳ್ಳತನ ಆಗಲೇಬೇಕಿತ್ತು.

ಈಗ ಮೊನ್ನೆಯ ಭಾನುವಾರಕ್ಕೆ ಬರೋಣ. ಬಂದ ಹೆಂಗಸು ಎಲ್ಲ ಚೆಂದ ಅನ್ನುತ್ತ ಒಳಗೆಲ್ಲ ಸುತ್ತಿದರು. ಹೊಲಿಗೆ ಮಿಷನ್ನಿನ ಮುಂದಿದ್ದ ಅತ್ತೆ ಅವರ ಚೀಲವನ್ನು ಒಮ್ಮೆ ನೋಡಿ, ಕನ್ನಡಕ ತೆಗೆದು, ದನ ಬಂದಿದೆಯೇನೋ ನೋಡುತ್ತೇನೆ ಎಂದು ಹಿತ್ತಲಿಗೆ ನಡೆದಳು. ನಮ್ಮಲ್ಲಿ ದನ ಬರುವುದಿಲ್ಲ. ಎರಡು ನಿಮಿಷದಲ್ಲಿ ವಾಪಸು ಬಂದು, ಅಡಿಗೆಮನೆಯ ಬಾಗಿಲಲ್ಲಿ ನನ್ನ ಕಿವಿಯ ಹತ್ತಿರ, "ದಾರ ಹಳದಿಗೆ ಕಟ್ಟಿದ್ದೀನಿ. ನೀನು ಕಾಫಿ ನಿಧಾನ ಮಾಡು" ಅಂದಳು.

"ಪಾಪ ಅಲ್ವಾ ಅತ್ತೆ? ನಿಜವಾಗ್ಲೂ ಮನೆ ಹುಡುಕ್ತಿದ್ರೆ?"

"ಅದು ಅವಳಿಗೇ ಇನ್ನೂ ಗೊತ್ತಿರಲ್ಲ. ಹಳದಿ ಬಿಡ್ಲಿ."

ಕಾಫಿ ಆಗಿಹೋಗಿತ್ತು. ಆದರೂ ನಾನು ಖಾಲಿ ಲೋಟದಲ್ಲಿ ಚಮಚ ಆಡಿಸುತ್ತ, ಡಬ್ಬಿಗಳ ಮುಚ್ಚಳ ತೆಗೆದು ಹಾಕುತ್ತ, ಒಂದು ತಟ್ಟೆಯನ್ನು ಬೇಕೆಂದೇ ಕೆಳಗೆ ಬೀಳಿಸಿ ನಿಂತೆ. ಹಿತ್ತಲ ಕಿಟಕಿಯ ಕಡೆ ತಿರುಗಲೂ ಇಲ್ಲ. ಅಷ್ಟು ಮರ್ಯಾದೆ ನನಗೆ ಗೊತ್ತು.

ಹೊರಡುವಾಗ ಆ ಹೆಂಗಸು ಚೀಲವನ್ನು ಎದೆಗೆ ಅವಚಿಕೊಂಡು, "ಯುಗಾದಿ ಕಳೀಲಿ, ಮನೇಲಿ ಮಾತಾಡಿ ಬರ್ತೀವಿ" ಅಂದರು. ಬೋರ್ಡಿನ ಕೆಳಗೇ ಸ್ಕೂಟಿ ತಿರುಗಿಸಿಕೊಂಡು ಹೋದರು. ಆ ಬೋರ್ಡನ್ನು ನಾವು ಕೀಳದಿರುವುದು ಇಂಥ ಚೀಲದವರು ಬರಲಿ ಎಂದೇ.

"ಬನ್ನಿ, ಬನ್ನಿ" ಎಂದು ಅತ್ತೆ ಗೇಟಿನ ತನಕ ಹೋಗಿ ಕೈ ಬೀಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಜುಲೈಯಲ್ಲಿ ಜಗಳಕ್ಕೆ ಬರ್ತಾಳೆ ನೋಡು. ಬಂದು ನಮ್ಮ ಹೊಸ ಹಂಚು ನೋಡಿ ಮೂಗು ಮುರಿದ್ಲು ಅಂದ್ರೆ, ಅವತ್ತೇ ಅವಳಿಗೊಂದು ಮನೆ ಹುಡುಕೋಕೆ ಹೊರಡೋಣ. ಸ್ಕೂಟಿಗೆ ಪೆಟ್ರೋಲ್ ಹಾಕ್ಸಿಟ್ಟಿರು" ಅಂದಳು.