ಡೆನ್ಮಾರ್ಕ್ ಯಜಮಾನರು

ನಮ್ಮ ಯಜಮಾನರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹಳೆಯ ಪ್ರೆಸ್ಸಿಗೆ ಸಿಕ್ಕಿ ಹೋಗಿತ್ತಂತೆ. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಪ್ಯಾಕಿಂಗ್ ಯಂತ್ರಗಳ ಬಿಡಿಭಾಗ ತಯಾರಾಗುತ್ತಿತ್ತು. ಅವುಗಳ ಅಂಚನ್ನು ಆ ಬೋಳು ಬೆರಳಿನಿಂದಲೇ ಸವರಿ, "ಇನ್ನೊಂದ್ಸಲ ಉಜ್ಜಮ್ಮ" ಎನ್ನುತ್ತಿದ್ದರು. ತಪಾಸಣೆಯ ಕೆಲಸವನ್ನು ನನಗೆ ಕಲಿಸಿದವರು ಅವರೇ.

ಅವರಿಗೆ ಡೆನ್ಮಾರ್ಕ್ ಹುಚ್ಚು. ಯಾವುದೋ ಮೇಳಕ್ಕೆಂದು ಅಲ್ಲಿಗೆ ಹೋಗಿ ಬಂದವರು ಮನಸ್ಸಿನಲ್ಲಿ ಅಲ್ಲಿಯವರೇ ಆಗಿಬಿಟ್ಟಿದ್ದರು. ಆರ್ಥಿಕ ಪೈಪೋಟಿಯಲ್ಲಿ ಯಾವ ದೇಶ ಎಷ್ಟನೆಯದು ಎಂಬ ಪಟ್ಟಿ ಪ್ರತಿ ವರ್ಷ ಬಂದ ದಿನ, ಟೀ ಹೊತ್ತಿಗೆ ಎಲ್ಲರನ್ನೂ ಸೇರಿಸಿ ಮೊಬೈಲು ತೋರಿಸುತ್ತಿದ್ದರು.

"ನಮ್ಮ ಬೆಂಗಳೂರಿನ ಅರ್ಧ ಜನಾನೂ ಇಲ್ಲ ಕಣ್ರೀ ಆ ದೇಶ್ದಲ್ಲಿ. ಆದ್ರೂ ನೋಡಿ, ದೊಡ್ಡದೊಡ್ಡವ್ರನ್ನೆಲ್ಲ ಕೆಳಗೆ ಹಾಕಿ ಕೂತವ್ರೆ. ಯಾಕೆ? ಅಲ್ಲಿ ಯಜಮಾನ, ಕೆಲಸಗಾರ ಒಬ್ರಿಗೊಬ್ರು ಏನೂ ಮುಚ್ಚಿಡಲ್ಲ."

"ಅಲ್ಲಿ ಕರೆಂಟ್ ಹೋಗಂಗಿಲ್ಲೇನ್ರಿ ಸಾರ್?" ಎಂದು ಲೇತ್ ಓಡಿಸುವ ಗದಗಿನ ಅಣ್ಣ ಕಾಲೆಳೆದರೆ ತಾವೂ ನಗುತ್ತಿದ್ದರು. ನಾವು ಹಿಂದಿನಿಂದ ಆಡಿಕೊಂಡರೂ ಅವರನ್ನು ನಂಬಿದ್ದೆವು. ನಾನಂತೂ ಪೂರ್ತಿ ನಂಬಿದ್ದೆ.

ಹೋದ ವರ್ಷ ಆಯುಧಪೂಜೆಯ ದಿನ ಆ ದೇಶದ ಕಂಪನಿಯೊಂದರಿಂದ ಇಬ್ಬರು ಬಂದರು. ದೊಡ್ಡ ಆರ್ಡರ್ ಸಿಗುತ್ತದೆ ಎಂದಿದ್ದರು ಯಜಮಾನರು. ಮಿಷನ್ನುಗಳಿಗೆ ಕುಂಕುಮವಿಟ್ಟು, ಹೂ ಮುಡಿಸಿ, ಕುಂಬಳಕಾಯಿ ಒಡೆದಾಗಿತ್ತು. ಪೂಜೆಯಾದ ಮೇಲೆ ಅವತ್ತು ಯಾರೂ ಮಿಷನ್ ಮುಟ್ಟುವುದಿಲ್ಲ. "ಅಷ್ಟು ದೂರದಿಂದ ಬಂದವ್ರೆ, ಒಂದ್ಸಲ ಓಡ್ಸಿ ತೋರ್ಸಿ" ಎಂದರು. ಅವರ ಮಾತು ಮೀರಲಾಗದೆ ಹೂ ಸರಿಸಿ ಓಡಿಸಿದೆವು. ಬಿಡಿಭಾಗವನ್ನು ಮಿಷನ್ನಿಗೆ ಒಂದೇ ಸಲ ಬಿಗಿದು, ಎರಡೂ ಕಡೆ ತೂತು ಕೊರೆದು ಹೊತ್ತು ಉಳಿಸಲು ನಾವೇ ಕಂಡುಕೊಂಡಿದ್ದ ಉಪಾಯವನ್ನೂ ತೋರಿಸಿದೆವು. ಬಂದವರು ವಿಡಿಯೊ ಮಾಡಿಕೊಂಡರು. ನಾನು ಪುರಿ, ಕಡ್ಲೆಯ ಪೊಟ್ಟಣ ಕೊಟ್ಟು ಕೈಮುಗಿದೆ.

ಸಂಕ್ರಾಂತಿಗೆ ಮುಂಚೆಯೇ ಶೆಡ್ಡಿಗೆ ಬೀಗ ಬಿತ್ತು. ಯಜಮಾನರು ಅದನ್ನು ಆ ಡೆನ್ಮಾರ್ಕ್ ಕಂಪನಿಗೆ ಮಾರಿದ್ದರು. ಕಂಪನಿಯವರು ನಮ್ಮ ಕೆಲಸವನ್ನು ಖರ್ಚು ಕಡಿಮೆಯಿರುವ ಇನ್ನೊಂದು ದೇಶಕ್ಕೆ ಒಯ್ದರು. ಪಟ್ಟಿಯಲ್ಲಿ ಮೇಲೇರುವುದು ಹೀಗೂ ಇರುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಬಾಗಲಗುಂಟೆಯ ಮದುವೆಯೊಂದರಲ್ಲಿ ಯಜಮಾನರು ಸಿಕ್ಕರು. ಊಟಕ್ಕೆ ನನ್ನ ಪಕ್ಕದಲ್ಲೇ ಬಂದು ಕೂತರು.

"ಶೆಡ್ ಮುಚ್ಚುತ್ತೆ ಅಂತ ಪೂಜೆ ದಿನಾನೇ ಗೊತ್ತಿತ್ತಾ ಸಾರ್ ನಿಮ್ಗೆ?" ಎಂದೆ.

"ಗೊತ್ತಿತ್ತು ಕಣಮ್ಮ" ಎಂದರು ಎಲೆಯನ್ನೇ ನೋಡುತ್ತಾ. "ಹೇಳಿದ್ದಿದ್ರೆ ನೀವು ಅಷ್ಟು ಪ್ರೀತಿಯಿಂದ ತೋರಿಸ್ತಿರ್ಲಿಲ್ಲ."

ಪಂಕ್ತಿಯ ನಡುವೆ ಏಳಬಾರದೆಂದು ಗೊತ್ತಿದ್ದೂ ಎದ್ದು ಬಂದೆ.

ಈಗ ಇನ್ನೊಂದು ಶೆಡ್ಡಿನಲ್ಲಿದ್ದೇನೆ. ಅವರು ಕಲಿಸಿದ ಕೆಲಸವೇ ಇವತ್ತಿಗೂ ಅನ್ನ ಹಾಕುತ್ತಿದೆ, ಇಲ್ಲವೆನ್ನುವುದಿಲ್ಲ. ಇಲ್ಲಿನ ಯಜಮಾನರು ಒಳ್ಳೆಯವರು. ಕೆಲಸ ಬೇಗ ಸಾಗಲು ಏನಾದರೂ ಉಪಾಯ ಗೊತ್ತಿದೆಯೇ ಎಂದು ಮೊನ್ನೆ ಕೇಳಿದರು. ಗೊತ್ತಿಲ್ಲ ಸಾರ್ ಎಂದೆ.